ಕಡಕೊಳದ ಪ್ರಯಾಣವೂ ಬೀಗವಿಲ್ಲದ ಗಂಟೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರೈಲುಮಾರ್ಗದಲ್ಲಿ ಅಶೋಕಪುರವನ್ನು ದಾಟಿದ ಮೇಲೆ ಕಡಕೊಳವೆಂಬ ನಿಲ್ದಾಣವು ಸಿಕ್ಕುವುದು. ಶ್ರೀಕಂಠೇಶ್ವರನ ದರ್ಶನಕ್ಕೆ ಆತುರಪಡುವ ಯಾತ್ರಿಕರು ಈ ಊರನ್ನು ಗಮನಿಸುವುದೇ ಇಲ್ಲ. ಮಂಡಕಳ್ಳಿಯ ವಿಮಾನನಿಲ್ದಾಣವು ಹಿಂದೆ ಬೀಳುತ್ತಲೆ ಹೊಲಗಳ ನಡುವೆ ಕಾರ್ಖಾನೆಗಳು ತಲೆಯೆತ್ತುವುವು. ಹಿಂತಿರುಗಿ ನೋಡಿದರೆ ಚಾಮುಂಡಿಬೆಟ್ಟ. ಊರು ಈಗ ಅರ್ಧ ಹಳ್ಳಿ, ಅರ್ಧ ಕೈಗಾರಿಕಾಪ್ರದೇಶ.

ಕಳೆದ ಮಾಘದಲ್ಲಿ ನಾವು ಅಲ್ಲಿಗೆ ಹೋದುದು ದಿವಂಗತ ಮಿತ್ರರೊಬ್ಬರ ಮಗನನ್ನು ಕಾಣುವುದಕ್ಕಾಗಿ. ಆ ಮಿತ್ರರು ಮೂವತ್ತು ವರ್ಷಗಳ ಕಾಲ ನಮಗೆ ಬರೆದ ಕಾಗದಗಳ ಪ್ರತಿಗಳನ್ನು ಕಂಪ್ಯೂಟರಿಗೆ ಏರಿಸಿ, ಹೆಬ್ಬೆರಳಿನ ಗಾತ್ರದ ಪೆನ್ ಡ್ರೈವಿನಲ್ಲಿ ತುಂಬಿ, ಜುಬ್ಬದ ಜೇಬಿನಲ್ಲಿ ಇಟ್ಟುಕೊಂಡಿದ್ದೆವು. ಕಡಕೊಳದಲ್ಲಿ ಇಳಿದು ಜೇಬು ಮುಟ್ಟಿ ನೋಡಿದರೆ ಅದು ಇಲ್ಲ! ಬಂಡಿಯು ಆಗಲೇ ತಾಂಡವಪುರದ ಕಡೆಗೆ ಹೊರಟುಹೋಗಿತ್ತು.

ಮನೆಯಲ್ಲಿ ಹುಡುಗನು ಕಾಫಿ ಕೊಟ್ಟು, ಎಲ್ಲವನ್ನೂ ಕೇಳಿ, ಮೆಲ್ಲನೆ, “ಅದಕ್ಕೆ ಬೀಗ ಹಾಕಿದ್ದಿರಾ, ಮೇಷ್ಟ್ರೆ?” ಎಂದನು. ನಮಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಎದೆ ಧಸಕ್ಕೆಂದಿತು. ನಮ್ಮ ಪಿಂಚಣಿಯ ಲೆಕ್ಕವನ್ನು ಯಾರು ಓದಿದರೇನು? ಆದರೆ ಆ ಕಾಗದಗಳಲ್ಲಿ ಮಿತ್ರರ ಸಾಲದ ಸಂಗತಿಯಿತ್ತು. ಅವರ ಮಗಳ ನಿಶ್ಚಯವಾದ ಮದುವೆಯು ಮುರಿದ ಕಾರಣವಿತ್ತು. ನಮ್ಮನ್ನು ನಂಬಿ ಹೇಳಿದ ಮಾತುಗಳವು.

ಹುಡುಗನು ನಮ್ಮನ್ನು ಕಂಪ್ಯೂಟರಿನ ಮುಂದೆ ಕುಳ್ಳಿರಿಸಿದನು. ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಪೆಟ್ಟಿಗೆಯನ್ನು ಮಾಡಿ, ಕಡತಗಳನ್ನು ಅದರೊಳಗೆ ಹಾಕಿ ಮುಚ್ಚಿದನು. ಹೊರಗಿನಿಂದ ನೋಡಿದರೆ ಅದು ಅರ್ಥವಿಲ್ಲದ ಅಕ್ಷರರಾಶಿ. ಇದನ್ನೇ ಗೂಢಲೇಖವೆನ್ನಬಹುದು. ನಮಗೆ ಸಂಸ್ಕೃತದ ಅಭ್ಯಾಸವಿದ್ದುದರಿಂದ ಇದೇನು ಹೊಸ ವಿದ್ಯೆಯೆಂದು ಅನಿಸಲಿಲ್ಲ. ೧೯೦೫ರಲ್ಲಿ ನಮ್ಮ ಮೈಸೂರಿನಲ್ಲಿಯೇ ಶಾಮಶಾಸ್ತ್ರಿಗಳ ಕೈಗೆ ದೊರೆತು, ೧೯೦೯ರಲ್ಲಿ ಅಚ್ಚಾದ ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಗೂಢಚಾರರ ಸಂಕೇತಲಿಪಿಯ ಮಾತು ಬರುವುದು. ವಾತ್ಸ್ಯಾಯನನು ಹೇಳಿದ ಅರವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೂ ಒಂದು. ಅದರ ಮೂಲದೇವೀಯವೆಂಬ ಕ್ರಮದಲ್ಲಿ ಪಕಾರಕ್ಕೆ ತಕಾರ, ಲಕಾರಕ್ಕೆ ಸಕಾರ. ಹೀಗಾಗಿ ‘ಪಾಲು’ ಎನ್ನಬೇಕಾದವನು ‘ತಾಸು’ ಎಂದು ಬರೆಯುವನು. ನಾವು ಇದನ್ನು ಹೇಳಲು ಹುಡುಗನು ನಕ್ಕು, “ಆ ಕ್ರಮ ತಿಳಿದವನು ಯಾರ ಕಾಗದವನ್ನಾದರೂ ಓದಿಬಿಡುವನಲ್ಲ!” ಎಂದನು. ನಿಜವೇ. ಈಗಿನದು ಹಾಗಲ್ಲ. ೨೦೦೧ರಲ್ಲಿ ಅಮೆರಿಕಾ ಸರ್ಕಾರವು ಅಂಗೀಕರಿಸಿದ ಎ.ಇ.ಎಸ್. ಎಂಬ ಕ್ರಮವನ್ನು ಯಾರು ಬೇಕಾದರೂ ಓದಿ ಕಲಿಯಬಹುದು. ಗುಟ್ಟೆಲ್ಲವೂ ಕೀಲಿಮಾತಿನಲ್ಲಿ ಮಾತ್ರ.

ಇ-ಮೇಲಿನ ವಿಷಯವನ್ನೂ ಕೇಳಿದೆವು. ಸಾಮಾನ್ಯವಾಗಿ ಅದು ದಾರಿಯಲ್ಲಿ ಮುಚ್ಚಿಕೊಂಡೇ ಹೋಗುವುದಾದರೂ, ಅದನ್ನು ಒಯ್ಯುವ ಸಂಸ್ಥೆಯ ಯಂತ್ರಕ್ಕೆ ಅದು ಬಿಚ್ಚಿದ ಕಾಗದವೇ. ೧೯೯೧ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬವರು ಹೊರತಂದ ಪಿ.ಜಿ.ಪಿ.ಯು ಈ ಕೊರತೆಗೆ ಉಪಾಯ. ಅಂಚೆಪೆಟ್ಟಿಗೆಯನ್ನು ನೆನೆಯಿರಿ: ಬಾಯಿಯು ಎಲ್ಲರಿಗೂ ತೆರೆದಿದೆ, ಕೀಲಿಯು ಒಬ್ಬನಲ್ಲಿದೆ. ಹಾಗೆಯೇ ಇಲ್ಲಿ ಊರಿಗೆಲ್ಲ ಹಂಚುವ ಕೀಲಿಯೊಂದು ಮುಚ್ಚುವುದಕ್ಕೆ, ನಮ್ಮಲ್ಲೇ ಉಳಿಯುವ ಕೀಲಿಯೊಂದು ತೆರೆಯುವುದಕ್ಕೆ.

ಗುಟ್ಟು ಕಳ್ಳರಿಗೆ ಮಾತ್ರ ಬೇಕೆಂದು ಹೇಳುವವರುಂಟು. ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆ ಜನಕ್ಕೆ ಇಷ್ಟು ಉತ್ತರ ಸಾಕು.

ಕೀಲಿಮಾತಿಗೆ ರಘುವಂಶದ ಮೊದಲ ಶ್ಲೋಕವನ್ನು ಇಡೋಣವೆಂದೆವು. “ಬೇಡಿ ಮೇಷ್ಟ್ರೆ, ಅದು ಲೋಕಕ್ಕೆಲ್ಲ ಗೊತ್ತು, ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಆರಿಸಿಕೊಳ್ಳಿ. ಮರೆತರೆ ಮಾತ್ರ ತಮಗೂ ಸಿಕ್ಕದು,” ಎಂದನು. ಈಗ ಆ ಪದಗಳು ಒಂದು ಚೀಟಿಯಲ್ಲಿ ನಮ್ಮ ಮನೆಯವರ ಕಬ್ಬಿಣದ ಪೆಟ್ಟಿಗೆಯಲ್ಲಿವೆ.

ಸಾಯಂಕಾಲದ ಬಂಡಿಯಲ್ಲಿ ಹಿಂತಿರುಗುವಾಗ ಆಸನಗಳ ಕೆಳಗೆಲ್ಲ ಬಗ್ಗಿ ನೋಡಿದೆವು, ನಿಲ್ದಾಣದಲ್ಲಿಯೂ ವಿಚಾರಿಸಿದೆವು. ಸಿಕ್ಕಲಿಲ್ಲ. ಮರುದಿನ ಮಿತ್ರರ ಮಗಳಿಗೆ ನಡೆದುದನ್ನೆಲ್ಲ ಬರೆದು, ಲಕೋಟೆಯನ್ನು ಅಂಟಿಸಿ, ಅಂಚೆಗೆ ಹಾಕಿದೆವು. ಉತ್ತರವು ಇನ್ನೂ ಬಂದಿಲ್ಲ.