ಹಾವಿಗೂ ಬೇಕು ಎಳೆಬಿಸಿಲು

ಲಂಡನ್ ಝೂಗೆ ಬಂದ ಮಕ್ಕಳಿಗೆ ಹಳೆಯ ಸರೀಸೃಪ ಮನೆ ಎಂದರೆ ಮೊದಲು ನೆನಪಾಗುವುದು ಹ್ಯಾರಿ ಪಾಟರ್. 2001ರ ಮೊದಲ ಸಿನಿಮಾದಲ್ಲಿ ಹ್ಯಾರಿ ಹಾವಿನ ಜೊತೆ ಮಾತಾಡುವ ದೃಶ್ಯ ಚಿತ್ರೀಕರಣವಾದದ್ದು ಇಲ್ಲೇ. ಹಾವುಗಳು ಈಗ ಹೊಸ ಕಟ್ಟಡಕ್ಕೆ ಹೋಗಿವೆ. ಆದರೂ ಹಾವು ಸಾಕಬೇಕೆಂದು ಹಟ ಹಿಡಿದ ಮಗು ಜೊತೆಗಿದ್ದರೆ, ಈ ಇಟ್ಟಿಗೆ ಕಟ್ಟಡದ ಮುಂದೆ ಐದು ನಿಮಿಷ ನಿಲ್ಲಿ.

1927ರಲ್ಲಿ ತೆರೆದ ಇದನ್ನು ರೂಪಿಸಿದವರು ಸರೀಸೃಪ ತಜ್ಞೆ ಜೋನ್ ಪ್ರಾಕ್ಟರ್. ಸಾಮಾನ್ಯ ಕಿಟಕಿ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಆದರೆ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿಬಿ ಕಿರಣಗಳನ್ನು ತಡೆಯುತ್ತದೆ. ಅದಕ್ಕೇ ಅವರು ನೇರಳಾತೀತ ಕಿರಣಗಳನ್ನು ಒಳಬಿಡುವ ‘ವೀಟಾ ಗ್ಲಾಸ್’ ಹಾಕಿಸಿದರು. ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಕಾವು ಸಿಗುವಂತೆ ವಿದ್ಯುತ್ ವ್ಯವಸ್ಥೆಯನ್ನೂ ಮಾಡಿಸಿದರು.

ಮನೆಯ ಪೆಟ್ಟಿಗೆಯಲ್ಲೂ ಬೇಕಾದದ್ದು ಇದೇ. ‘ಬಿಸಿಲು’ ಎಂದಾಗ ನಮ್ಮ ಕಿವಿಗೆ ಬೆಳಕೂ ಕಾವೂ ಒಟ್ಟಿಗೇ ಕೇಳಿಸುತ್ತವೆ. ಪೆಟ್ಟಿಗೆಯಲ್ಲಿ ಮಾತ್ರ ಅವನ್ನು ಬಿಡಿಸಿ ಕೊಡಬೇಕು: ಕಾವಿಗೆ ಒಂದು ಲ್ಯಾಂಪ್, ಯುವಿಬಿಗೆ ಇನ್ನೊಂದು ಟ್ಯೂಬ್. ಕಿಟಕಿಯ ಪಕ್ಕ ಪೆಟ್ಟಿಗೆ ಇಟ್ಟರೆ ಹಾವಿಗೆ ಯುವಿಬಿ ಸಿಗುವುದಿಲ್ಲ, ಬರೀ ಸೆಕೆ ಏರುತ್ತದೆ.

ಹಾವಿಗೆ ಯುವಿಬಿ ಬೇಕೇ? ಇಲಿ ತಿಂದೇ ವಿಟಮಿನ್ ಡಿ ಸಿಗುತ್ತದೆ ಎಂದು ಬಹುಕಾಲ ನಂಬಿದ್ದರು. ಯುವಿಬಿ ಇಲ್ಲದೆಯೂ ಎಷ್ಟೋ ಹಾವುಗಳು ಬದುಕಿವೆ. ಆದರೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯುವಿಬಿ ಬೆಳಕಿನಲ್ಲಿದ್ದ ಕಾರ್ನ್ ಸ್ನೇಕ್‌ಗಳ ರಕ್ತದಲ್ಲಿ ವಿಟಮಿನ್ ಡಿ ಏರಿತ್ತು. ಬಾಲ್ ಪೈಥಾನ್‌ಗಳ ಮೇಲೆ ನಡೆದ 2013ರ ಅಧ್ಯಯನದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಎಲ್ಲ ಹಾವಿಗೂ ಒಂದೇ ಲೆಕ್ಕ ಸಲ್ಲದು.

ಹೆಚ್ಚಾದರೆ ಅಪಾಯ. ಹಾವಿಗೆ ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ, ಕಣ್ಣು ಕುಕ್ಕಿದರೆ ಅದು ಅಡಗಬೇಕು ಅಷ್ಟೆ. ಆದ್ದರಿಂದ ಮರುಭೂಮಿ ಹಲ್ಲಿಗಳಿಗೆಂದು ಮಾಡಿದ ತೀವ್ರ ಟ್ಯೂಬ್ ಬೇಡ. ಕಾರ್ನ್ ಸ್ನೇಕ್ ಮಲಗುವ ಅತಿ ಎತ್ತರದ ಜಾಗದಲ್ಲೂ ಯುವಿ ಸೂಚ್ಯಂಕ 1ರ ಆಸುಪಾಸಿನಲ್ಲಿದ್ದರೆ ಸಾಕು. ಅದು ಎಳೆಬಿಸಿಲು, ಸುಡುಬಿಸಿಲಲ್ಲ. ಟ್ಯೂಬ್ ಪೆಟ್ಟಿಗೆಯ ಅರ್ಧ ಭಾಗದ ಮೇಲಿರಲಿ, ಉಳಿದರ್ಧ ನೆರಳು. ಎರಡೂ ಕಡೆ ಅಡಗುತಾಣವಿರಲಿ. ತಂತಿಜಾಲರಿಯ ಮೇಲಿಟ್ಟರೆ ಕಿರಣಗಳ ಒಂದು ಪಾಲು ಅಲ್ಲೇ ನಿಲ್ಲುತ್ತದೆ. ಒಳಗಿಟ್ಟರೆ ಹಾವು ಸುತ್ತಿಕೊಳ್ಳದಂತೆ ಕಾವಲು ಜಾಲರಿ ಬೇಕು. ದೂರ ಎಷ್ಟಿರಬೇಕೆಂದು ತಯಾರಕರ ಚಾರ್ಟ್ ನೋಡಿ. ಬಿಳಿಚು ಬಣ್ಣದ ಆಲ್ಬಿನೋ ಹಾವಿಗೆ ಇನ್ನೂ ಕಡಿಮೆ ಸಾಕು, ಮೊದಲು ಸರೀಸೃಪ ವೈದ್ಯರನ್ನು ಕೇಳಿ. ಟೈಮರ್ ಹಾಕಿ ರಾತ್ರಿ ಆರಿಸಿ.

ಟ್ಯೂಬ್ ಬೆಳಗುತ್ತಲೇ ಇದ್ದರೂ ಒಳಗಿನ ಯುವಿಬಿ ಕ್ರಮೇಣ ಕುಗ್ಗುತ್ತದೆ, ನಮ್ಮ ಕಣ್ಣಿಗದು ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಿಸಬೇಕು. ಆ ತಾರೀಖು ಬರೆದಿಡುವ ಕೆಲಸ ಮಗುವಿಗೇ ಕೊಡಿ. ಜೊತೆಗೆ ಹಾವು ದಿನಾ ಎಲ್ಲಿತ್ತು ಎಂದೂ ಬರೆಯಲಿ: ಬಿಸಿಲಿನಲ್ಲೋ, ನೆರಳಿನಲ್ಲೋ. ಎರಡೇ ಕನ್ನಡ ಪದ ಸಾಕು. ಹಾವು ಸದಾ ನೆರಳಿನಲ್ಲೇ ಇದೆ ಎಂದು ಆ ಪುಸ್ತಕ ಹೇಳಿದರೆ, ಲ್ಯಾಂಪ್‌ನ ಕಾವನ್ನೂ ಟ್ಯೂಬಿನ ದೂರವನ್ನೂ ಮತ್ತೊಮ್ಮೆ ಅಳೆದು ನೋಡಿ.