ಕಿಟಕಿಯುಳ್ಳ ಚಿಪ್, ಕಣ್ಣಿಗೆ ಕಾಣದ ಬೆಳಕು

ಕೆಲವು ಪಾಲಿಟೆಕ್ನಿಕ್‌ಗಳ ಪ್ರಯೋಗಾಲಯದ ಬೀರು ತೆಗೆದರೆ ಈಗಲೂ 8085 ಮೈಕ್ರೋಪ್ರೊಸೆಸರಿನ ಹಳೆಯ ತರಬೇತಿ ಕಿಟ್‌ಗಳು ಕಾಣಸಿಗುತ್ತವೆ. ಹಸಿರು ಹಲಗೆಯ ಮೇಲೆ ಸಾಲಾಗಿ ಕೂತ ಕರಿಯ ಚಿಪ್‌ಗಳ ನಡುವೆ ಒಂದೆರಡು ಮಾತ್ರ ಬೇರೆ ಜಾತಿಯವು. ಮೈ ಪಿಂಗಾಣಿಯದು, ಬೆನ್ನ ಮೇಲೊಂದು ಪುಟ್ಟ ಕಿಟಕಿ, ಕಿಟಕಿಯ ಮೇಲೆ ಮಾಸಿದ ಸ್ಟಿಕರ್. ಅದನ್ನು ಕಿತ್ತು ಒಳಗೇನಿದೆ ನೋಡೋಣವೆಂದು ಕೈ ತುರಿಸದ ವಿದ್ಯಾರ್ಥಿ ವಿರಳ. ಕಿತ್ತರೆ ಕಾಣುವುದು ಬೆಳ್ಳಿಯ ಹಾಗೆ ಹೊಳೆಯುವ ಸಿಲಿಕಾನ್ ಚೂರು, ಅದರ ಅಂಚಿನಿಂದ ಹೊರಟ ಕೂದಲಿಗಿಂತ ತೆಳುವಾದ ತಂತಿಗಳು. ಇದೇ ಇಪಿರಾಮ್. ವಿದ್ಯುತ್ತಿನಿಂದ ಬರೆದು, ಬೆಳಕಿನಿಂದ ಅಳಿಸಿ, ಮತ್ತೆ ಬರೆಯಬಹುದಾದ ಸ್ಮರಣ ಚಿಪ್.

ಬರೆಯುವುದಕ್ಕೊಂದು ಯಂತ್ರ ಬೇಕು, ಅಳಿಸುವುದಕ್ಕೊಂದು ಯಂತ್ರ ಬೇಕು. ಬರೆಯುವ ಯಂತ್ರದ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಅಳಿಸುವ ಯಂತ್ರದ ಪಾಲಿಗೆ ಬರುವುದು ‘ಒಂದು ದೀಪ, ಒಂದು ಡಬ್ಬಿ ತಾನೆ’ ಎಂಬ ಉದಾಸೀನ. ಅದು ದೀಪ ಮತ್ತು ಡಬ್ಬಿಯೇ ಹೌದು. ಆದರೆ ದೀಪ ಯಾವುದು, ಡಬ್ಬಿ ಎಂಥದು ಎಂಬುದರಲ್ಲೇ ಎಲ್ಲ ಇದೆ.

ಈ ಚಿಪ್ ಹುಟ್ಟಿದ ಕಥೆಯೂ ಸ್ವಾರಸ್ಯವಾದದ್ದು. ಇಂಟೆಲ್ ಕಂಪನಿಯಲ್ಲಿದ್ದ ಇಸ್ರೇಲಿ ಇಂಜಿನಿಯರ್ ಡೋವ್ ಫ್ರೋಮನ್, ಕೆಟ್ಟುಹೋಗುತ್ತಿದ್ದ ಕೆಲವು ಚಿಪ್‌ಗಳ ಜಾಡು ಹಿಡಿದು ಹೊರಟಿದ್ದರು. ಟ್ರಾನ್ಸಿಸ್ಟರಿನ ‘ಗೇಟ್’ ಎಂಬ ಭಾಗ ಯಾವ ತಂತಿಗೂ ತಾಗದೆ ತೇಲುತ್ತ ಉಳಿದರೆ ಹೀಗಾಗುತ್ತದೆಂದು ಅವರಿಗೆ ಹೊಳೆಯಿತು. ಈ ದೋಷವನ್ನೇ ದುಡಿಸಿಕೊಂಡರೆ ಹೇಗೆ? ಅದರ ಫಲವೇ 1971ರಲ್ಲಿ ಬಂದ 1702 ಎಂಬ ಮೊದಲ ಇಪಿರಾಮ್. ಅದರಲ್ಲಿ ಹಿಡಿಸುತ್ತಿದ್ದದ್ದು ಬರೇ 256 ಬೈಟ್. ಇಂಗ್ಲಿಷಿನಲ್ಲಿ ಬರೆದರೆ ಒಂದು ಪೋಸ್ಟ್‌ಕಾರ್ಡೂ ತುಂಬದು.

ತೇಲುವ ಗೇಟನ್ನು ಹಳ್ಳಿಯ ಹಗೇವಿಗೆ ಹೋಲಿಸಬಹುದು. ಹಗೇವಿಗೆ ಸುರಿದ ರಾಗಿ ತಾನಾಗಿ ಹೊರಗೆ ಬಾರದು, ವರ್ಷಗಟ್ಟಲೆ ಹಾಗೇ ಇರುತ್ತದೆ. ಗೇಟಿನ ಸುತ್ತ ಸಿಲಿಕಾನ್ ಡೈಆಕ್ಸೈಡಿನ ಗೋಡೆಯಿದೆ. ಅದು ಮರಳಿನ ಕುಲದ್ದೇ ಆದ, ವಿದ್ಯುತ್ ಹರಿಯಗೊಡದ ವಸ್ತು. ಬರೆಯುವಾಗ 12.5ರಿಂದ 25 ವೋಲ್ಟ್‌ವರೆಗಿನ ಒತ್ತಡ ಕೊಟ್ಟು ಎಲೆಕ್ಟ್ರಾನುಗಳನ್ನು ಈ ಗೋಡೆ ದಾಟಿಸಿ ಒಳಕ್ಕೆ ತಳ್ಳುತ್ತಾರೆ. ಎಲೆಕ್ಟ್ರಾನು ತುಂಬಿದ ಹಗೇವು ‘ಸೊನ್ನೆ’, ಖಾಲಿ ಹಗೇವು ‘ಒಂದು’. ಕರೆಂಟು ಹೋದರೂ ಬರೆದದ್ದು ಹೋಗುವುದಿಲ್ಲ. 1980ರ ದಶಕದಲ್ಲಿ ಬರೆದ ಎಷ್ಟೋ ಚಿಪ್‌ಗಳು ಇನ್ನೂ ಒಪ್ಪಿಸುತ್ತಲೇ ಇವೆ.

ಒಳಗೆ ಹೋದದ್ದನ್ನು ಹೊರಗೆ ತರುವುದು ಹೇಗೆ? ಇಲ್ಲಿ ಪಿಯುಸಿ ಭೌತಶಾಸ್ತ್ರ ಕೈಹಿಡಿಯುತ್ತದೆ. ದ್ಯುತಿವಿದ್ಯುತ್ ಪರಿಣಾಮದ ಪಾಠವನ್ನು ಪರೀಕ್ಷೆಗೆಂದು ಉರು ಹೊಡೆದವರು ಇಪಿರಾಮ್ ಕಿಟಕಿಯ ಮುಂದೆ ಅದನ್ನು ಇನ್ನೊಮ್ಮೆ ಓದಬೇಕು. 1905ರಲ್ಲಿ ಐನ್‌ಸ್ಟೈನ್ ವಿವರಿಸಿದ್ದು ಇದನ್ನೇ. ಬೆಳಕು ಕಣಗಳಾಗಿ ಬರುತ್ತದೆ, ಒಂದು ಕಣಕ್ಕೆ ಒಂದು ಎಲೆಕ್ಟ್ರಾನನ್ನು ಎತ್ತಿ ಹಾಕುವಷ್ಟು ಶಕ್ತಿ ಇರಬೇಕು. ಇಲ್ಲದಿದ್ದರೆ ಎಷ್ಟು ಕಣ ಬಿದ್ದರೂ ಅಷ್ಟೇ. ಚಿಪ್ಪಿನೊಳಗಿನ ಗೋಡೆಯ ಎತ್ತರ 3 ಎಲೆಕ್ಟ್ರಾನ್ ವೋಲ್ಟ್‌ಗಿಂತ ತುಸು ಹೆಚ್ಚು. ಬೆಳಕಿನ ಕಣದ ಶಕ್ತಿ ತಿಳಿಯಲು 1240 ಎಂಬ ಸಂಖ್ಯೆಯನ್ನು ನ್ಯಾನೋಮೀಟರಿನಲ್ಲಿ ಹೇಳಿದ ತರಂಗಾಂತರದಿಂದ ಭಾಗಿಸಿದರಾಯಿತು. 650 ನ್ಯಾನೋಮೀಟರಿನ ಕೆಂಪು ಬೆಳಕಿಗೆ 1.9 ಬರುತ್ತದೆ. ಕೆಂಪು ದೀಪವನ್ನು ವರ್ಷವಿಡೀ ಉರಿಸಿದರೂ ಒಂದಕ್ಷರ ಅಳಿಯದು. ಪಾದರಸದ ಆವಿ ಹೊಮ್ಮಿಸುವ 253.7 ನ್ಯಾನೋಮೀಟರಿನ ನೇರಳಾತೀತ ಕಿರಣಕ್ಕೆ 4.9 ಬರುತ್ತದೆ. ಅದು ಗೋಡೆ ಹಾರಿಸುತ್ತದೆ.

ದೀಪ ಕೊಳ್ಳುವಲ್ಲಿ ಹೆಚ್ಚಿನವರು ಎಡವುವುದು ಈ ಲೆಕ್ಕ ಹಾಕದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಸಾಲಿನಲ್ಲಿ ಬರೇ ‘ಯುವಿ ದೀಪ’ ಎಂದು ಕೇಳಿದರೆ ಏನು ಬೇಕಾದರೂ ಕೈಗೆ ಬರಬಹುದು. ಖೋಟಾ ನೋಟು ಪತ್ತೆಗೆ ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ದೀಪವೂ ಯುವಿ, ಉಗುರುಬಣ್ಣ ಒಣಗಿಸುವ ದೀಪವೂ ಯುವಿ. ಅವುಗಳ ಬೆಳಕು ಸಾಮಾನ್ಯವಾಗಿ 365 ನ್ಯಾನೋಮೀಟರಿನ ಆಸುಪಾಸಿನದು ಅಥವಾ ಅದಕ್ಕೂ ಉದ್ದದ್ದು. ಭಾಗಿಸಿ ನೋಡಿದರೆ 3.4. ಗೋಡೆಯ ಅಂಚಿಗೆ ಕೈ ಮುಟ್ಟಿದಂತಾಯಿತೇ ಹೊರತು ಕೆಲಸ ಆಗದು. ಬೇಕಾದದ್ದು ರೋಗಾಣು ಕೊಲ್ಲುವ ದೀಪ. ಆಸ್ಪತ್ರೆಯ ಗಾಳಿ, ಮನೆಯ ಕುಡಿಯುವ ನೀರು ಶುದ್ಧಿ ಮಾಡುವ ಯಂತ್ರಗಳಲ್ಲಿ ಇರುವಂಥದು. ಅದರ ಕೊಳವೆಗೆ ಒಳಗೆ ಬಿಳಿ ಲೇಪ ಇರುವುದಿಲ್ಲ, ಆಚೆ ಬದಿ ಕಾಣುವಷ್ಟು ಸ್ವಚ್ಛವಾಗಿರುತ್ತದೆ. ಮನೆಯ ಟ್ಯೂಬ್‌ಲೈಟಿನೊಳಗೆ ಹುಟ್ಟುವುದೂ ಇದೇ ಕಿರಣವೇ. ಬಿಳಿ ಲೇಪ ಅದನ್ನು ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ, ಉಳಿದದ್ದನ್ನು ಸಾಧಾರಣ ಗಾಜು ತಡೆಯುತ್ತದೆ. ಇಪಿರಾಮ್ ಕಿಟಕಿಗೆ ಸ್ಫಟಿಕಶಿಲೆಯ ಗಾಜು ಹಾಕಿರುವುದೂ ಇದಕ್ಕೇ. ಮಾಮೂಲಿ ಗಾಜು ಹಾಕಿದ್ದರೆ ಚಿಪ್‌ಗೆ ಕಣ್ಣಿದ್ದೂ ಕುರುಡು.

ಮಗ ‘ಅಪ್ಪಾ, ಒಂದು ಯುವಿ ಟ್ಯೂಬ್ ತರ್ಬೇಕು’ ಅಂದಾಗ ಅಪ್ಪ ಸಾಮಾನ್ಯವಾಗಿ ಕೇಳುವುದು ‘ಎಷ್ಟಾಗುತ್ತೋ?’ ಎಂದು. ಕೇಳಬೇಕಾದ ಪ್ರಶ್ನೆ ‘ಯಾವುದರೊಳಗೆ ಇಡ್ತೀಯೋ?’ ಎಂಬುದು. ಏಕೆಂದರೆ ಈ ದೀಪ ಉರಿಯುವಾಗ ನೋಡಲು ಬಲು ಸಾಧು. ಮಂಕಾದ ತಿಳಿನೀಲಿ ಬೆಳಕು. ಕಣ್ಣು ಕುಕ್ಕುವುದಿಲ್ಲ, ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಸುಡುವ ಪಾಲು ಕಣ್ಣಿಗೆ ಕಾಣುವುದೇ ಇಲ್ಲ. ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಕನ್ನಡಕವಿಲ್ಲದೆ ಕೆಲಸ ಮಾಡಿದ ಹುಡುಗರ ಪಾಡು ಅನೇಕರಿಗೆ ಗೊತ್ತು. ಹಗಲು ಏನೂ ಆಗದು, ಕೆಲವು ಗಂಟೆ ಕಳೆದ ಮೇಲೆ, ಎಷ್ಟೋ ಸಲ ರಾತ್ರಿ, ಕಣ್ಣಿಗೆ ಮರಳು ಎರಚಿದಂಥ ಉರಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ ನಿಜ, ಆದರೂ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು.

ಎಷ್ಟು ಹೊತ್ತು ನೋಡಿದರೆ ಅಪಾಯ? ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ. ಹಳೆಯ ಇಪಿರಾಮ್‌ಗಳ ಮಾಹಿತಿ ಪತ್ರದ ಪ್ರಕಾರ ಚಿಪ್ ಅಳಿಸಲು ಬೇಕಾದ ಪ್ರಮಾಣ ಚದರ ಸೆಂಟಿಮೀಟರಿಗೆ 15 ಜೂಲ್. ದೀಪದಿಂದ ಸುಮಾರು 2.5 ಸೆಂಟಿಮೀಟರ್ ದೂರದಲ್ಲಿ, ಚದರ ಸೆಂಟಿಮೀಟರಿಗೆ 12 ಮಿಲಿವ್ಯಾಟ್ ಬೀಳುವಂತಿದ್ದರೆ, 20 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಕಣ್ಣು ಮತ್ತು ಚರ್ಮಕ್ಕೆ ದಿನಕ್ಕೆ ಇಷ್ಟೇ ಎಂದು ಅಂತರರಾಷ್ಟ್ರೀಯ ತಜ್ಞರು ಬಹುಕಾಲದಿಂದ ಹೇಳುತ್ತ ಬಂದ ಮಿತಿ 6 ಮಿಲಿಜೂಲ್. ಅಂದರೆ ಚಿಪ್‌ಗೆ ಕೊಡುವುದರ 2500ನೇ ಒಂದು ಪಾಲು. ಅಷ್ಟು ಹತ್ತಿರದಲ್ಲಿ ಈ ಮಿತಿ ಮುಟ್ಟಲು ಅರ್ಧ ಸೆಕೆಂಡು ಸಾಕು. ‘ಉರೀತಿದೆಯಾ ಅಂತ ಒಂದು ಸಲ ಇಣುಕಿ ನೋಡಿದೆ’ ಎನ್ನುವಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತದೆ.

ಆದ್ದರಿಂದ ಟ್ಯೂಬ್ ಕೊಳ್ಳುವ ಮೊದಲು ಪೆಟ್ಟಿಗೆ ಕಟ್ಟಿ ಮುಗಿಸಬೇಕು. ಮರದ್ದಾಗಲಿ ತಗಡಿನದಾಗಲಿ ನಡೆಯುತ್ತದೆ. 4 ಅಥವಾ 8 ವ್ಯಾಟಿನ ಚಿಕ್ಕ ಟ್ಯೂಬ್ ಧಾರಾಳವಾಗಿ ಸಾಕು, ಆದರೆ ಚೋಕ್ ಅದರ ವ್ಯಾಟಿಗೆ ಹೊಂದುವಂಥದ್ದೇ ಇರಬೇಕು. ಅಟ್ಟದ ಮೇಲೆ ಬಿದ್ದಿರುವ ನಾಲ್ಕಡಿ ಟ್ಯೂಬಿನ ಚೋಕ್ ಹಾಕುವ ಉಳಿತಾಯ ಬೇಡ. ಮುಚ್ಚಳದ ಅಂಚು ಪೆಟ್ಟಿಗೆಯ ಬಾಯಿಯ ಮೇಲೆ ಹಿತ್ತಾಳೆ ಡಬ್ಬಿಯ ಮುಚ್ಚಳದಂತೆ ಕೆಳಗಿಳಿದು ಕೂರಬೇಕು. ಸಂದಿಯಲ್ಲಿ ಬೆಳಕು ಸೋರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚಳಕ್ಕೆ ತಾಗುವ ಮೈಕ್ರೋಸ್ವಿಚ್. ಮುಚ್ಚಳ ಎತ್ತಿದ ಕೂಡಲೇ ದೀಪಕ್ಕೆ ಹೋಗುವ ಕರೆಂಟು ತಾನಾಗಿ ಕಡಿಯಬೇಕು. ದೀಪ ಉರಿಯುತ್ತಿದೆ ಎಂದು ತಿಳಿಯಲು ಹೊರಗೊಂದು ಸಣ್ಣ ಇಂಡಿಕೇಟರ್ ಹಾಕಿದರಾಯಿತು, ಇಣುಕುವ ತೂತು ಬೇಕಿಲ್ಲ. ಮನೆಯ 230 ವೋಲ್ಟ್ ಸಂಪರ್ಕದ ಕೆಲಸವನ್ನು ವೈರಿಂಗ್ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಮಾಡಿಸಬೇಕು. ತಗಡಿನ ಪೆಟ್ಟಿಗೆಯಾದರೆ ಅರ್ಥ್ ತಂತಿ ಮರೆಯಕೂಡದು.

ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರಿಗೆ ಡ್ರಾಯರ್, ಟೈಮರ್ ಇರುವ ಸಿದ್ಧ ಪೆಟ್ಟಿಗೆಗಳು ಸಿಗುತ್ತವೆ. ಶಾಲೆ ಕಾಲೇಜಿಗಾದರೆ ಕೊಳ್ಳುವುದೇ ಮೇಲು. ಒಂದು ಎಚ್ಚರಿಕೆ ಮಾತ್ರ ಇರಲಿ. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಡ್ರಾಯರ್ ಎಳೆದರೂ ದೀಪ ಆರುವುದಿಲ್ಲ. ಅಂಥದಕ್ಕೆ ಎಷ್ಟು ಕಡಿಮೆ ಬೆಲೆ ಹೇಳಿದರೂ ಅದು ದುಬಾರಿಯೇ.

ಅಳಿಸುವ ಮುನ್ನ ಚಿಪ್ಪಿನಲ್ಲಿರುವುದನ್ನು ಓದಿ ಕಂಪ್ಯೂಟರಿನಲ್ಲಿ ನಕಲು ಇಟ್ಟುಕೊಳ್ಳಬೇಕು. ಸ್ಲೇಟಿನಲ್ಲಾದರೆ ತಪ್ಪಾದ ಒಂದಕ್ಷರವನ್ನಷ್ಟೇ ಬೆರಳಿನಿಂದ ಒರೆಸಬಹುದು, ಇಲ್ಲಿ ಅಳಿಸಿದರೆ ಇಡೀ ಸ್ಲೇಟೇ ಖಾಲಿ. ಕಿಟ್‌ನ ಮಾನಿಟರ್ ಪ್ರೋಗ್ರಾಮ್ ಇದ್ದ ಚಿಪ್ ಹೋದರೆ ಕಿಟ್ ಮೂಕವಾಗುತ್ತದೆ. ಆಮೇಲೆ ಕಿಟಕಿಯ ಮೇಲಿನ ಅಂಟನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬೇಕು, ಅಂಟೂ ಈ ಕಿರಣಕ್ಕೆ ಅಡ್ಡಿ. ಐದೈದು ನಿಮಿಷಕ್ಕೊಮ್ಮೆ ದೀಪ ಆರಿಸಿ ಚಿಪ್ಪನ್ನು ಓದಿ ನೋಡಿದರೆ ಎಲ್ಲ ಕಡೆ ‘ಎಫ್‌ಎಫ್’ ಬರುವ ಹೊತ್ತು ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸದೆ ಇನ್ನೂ ಅಷ್ಟೇ ಹೊತ್ತು ಇಡುವುದು ಒಳ್ಳೆಯದು. ಹಗೇವಿನ ತಳದಲ್ಲಿ ನಾಲ್ಕು ಕಾಳು ಉಳಿದಿದ್ದರೆ ಮುಂದೆಂದೋ ಅವು ಕಾಟ ಕೊಡುತ್ತವೆ.

ಹೊಸದಾಗಿ ಬರೆದ ಮೇಲೆ ಕಿಟಕಿಗೆ ಬೆಳಕು ತೂರದಂಥ ಸ್ಟಿಕರ್ ಅಂಟಿಸಿ, ಅದರ ಮೇಲೆ ತಾರೀಖು ಬರೆಯಬೇಕು. ಬರಿಯ ಕಿಟಕಿ ಬಿಟ್ಟರೆ ಕೋಣೆಯ ಟ್ಯೂಬ್‌ಲೈಟ್ ಸುಮಾರು 3 ವರ್ಷದಲ್ಲಿ, ನೇರ ಬಿಸಿಲು ಸುಮಾರು ಒಂದು ವಾರದಲ್ಲಿ ಬರೆದದ್ದನ್ನು ಅಳಿಸಿಬಿಡಬಹುದೆಂದು ಅದೇ ಮಾಹಿತಿ ಪತ್ರ ಹೇಳುತ್ತದೆ.