ಒಂಟಿ ಚಪ್ಪಲಿ

ನಮ್ಮನೆಯಲ್ಲಿ ಒಂದು ಜೋಕ್ ಇತ್ತು. ಅಮ್ಮ ಒಂದ್ಸಲ ಕೊಪ್ಪ ಪೇಟೆಯಿಂದ ಬಂದು ಜಗಲಿ ಹತ್ತುವಾಗ ನೋಡಿದ್ರೆ ಬಲಗಾಲಲ್ಲಿ ಚಪ್ಪಲಿ ಇದೆ, ಎಡಗಾಲು ಖಾಲಿ! ಹುಡುಕಿಕೊಂಡು ಹೋದ್ರೆ ಚಪ್ಪಲಿ ದಣಪೆ ಹತ್ರ ಬಿದ್ದಿತ್ತು. ಅಪ್ಪಯ್ಯ ಅದನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಮೆರವಣಿಗೆ ಥರ ತಂದರು. "ಬಿದ್ದಿದ್ದೇ ಗೊತ್ತಾಗ್ಲಿಲ್ಲ ಮಾರಾಯ್ತಿ" ಅಂತ ಅಮ್ಮನೂ ನಕ್ಕಳು. ಆಮೇಲೆ ನೆಂಟರಿಷ್ಟರು ಸೇರಿದಾಗೆಲ್ಲ ಈ ಕಥೆ ಹೇಳಿ ನಗೋದು. ನಾನೇ ಜಾಸ್ತಿ ಹೇಳಿದ್ದು.

ಈಗ ಆ ಜೋಕ್ ಯಾರೂ ಹೇಳಲ್ಲ.

2024ರ ಜುಲೈ. ಊರಲ್ಲಿ ಎಡೆಬಿಡದ ಮಳೆ, ಎರಡು ದಿನದಿಂದ ಕರೆಂಟಿಲ್ಲ, ಇನ್ವರ್ಟರ್ ಬ್ಯಾಟರಿಯೂ ಖಾಲಿ. ರಾತ್ರಿ ಮೂರು ಗಂಟೆಗೆ ಅಮ್ಮ ಬಚ್ಚಲಿಗೆ ಹೋಗೋಕೆ ಎದ್ದಳು. ಟಾರ್ಚು ದಿಂಬಿನ ಪಕ್ಕದಲ್ಲೇ ಇತ್ತು. ಆದರೆ ಐವತ್ತು ವರ್ಷ ಓಡಾಡಿದ ಮನೇಲಿ ಟಾರ್ಚ್ ಯಾಕೆ? ಎದ್ದು ನಿಂತು ಬಾಗಿಲ ಕಡೆ ತಿರುಗಿದಳು, ಅಷ್ಟೇ. ಎಡಕ್ಕೆ ಬಿದ್ದಳು.

ಅಪ್ಪಯ್ಯ ಪಕ್ಕದ ಮಂಚದಲ್ಲೇ ಮಲಗಿದ್ರು. ಅವರ ಕಿವಿ ಮಂದವಾಗಿ ಏಳೆಂಟು ವರ್ಷ ಆಯ್ತು. ಕಿವಿಯ ಮಷೀನು ರಾತ್ರಿ ಡಬ್ಬಿಯೊಳಗಿರುತ್ತೆ. ಅಮ್ಮ ಅವರನ್ನು ಹೆಸರು ಹಿಡಿದು ಕರೆದವಳಲ್ಲ, ಮದುವೆಯಾದಾಗಿಂದ "ಕೇಳ್ತಾ?" ಅಂತಲೇ ಕರೆಯೋದು. ಅವತ್ತು ಕತ್ತಲಲ್ಲಿ ನೆಲದ ಮೇಲೆ ಬಿದ್ದುಕೊಂಡು "ಕೇಳ್ತಾ... ಕೇಳ್ತಾ..." ಅಂತ ಎಷ್ಟು ಸಲ ಕರೆದಳೋ. ಕೊನೆಗೆ ಕೈಗೆ ಸಿಕ್ಕ ಸ್ಟೀಲ್ ಚೊಂಬಿನಿಂದ ಅವರ ಮಂಚದ ಕಾಲಿಗೆ ಬಡಿದು ಬಡಿದು ಎಬ್ಬಿಸುವಾಗ ನಾಲ್ಕು ಗಂಟೆ ಆಗಿತ್ತಂತೆ. ಆ ಒಂದು ಗಂಟೆಯ ಬಗ್ಗೆ ಅಪ್ಪಯ್ಯ ಇವತ್ತಿಗೂ ಮಾತಾಡಲ್ಲ.

ಎಡತೊಡೆಯ ಮೂಳೆ, ಸೊಂಟದ ಕೀಲಿಗೆ ಸೇರುವ ಕುತ್ತಿಗೆಯಲ್ಲೇ ಮುರಿದಿತ್ತು. ನಾನು ಬೆಂಗಳೂರಿಂದ ಶಿವಮೊಗ್ಗದ ಆಸ್ಪತ್ರೆ ತಲುಪುವಷ್ಟರಲ್ಲಿ ಆಪರೇಷನ್‌ಗೆ ತಯಾರಿ ನಡೀತಿತ್ತು. ಇಂಥ ಮುರಿತಕ್ಕೆ ಒಂದೆರಡು ದಿನದೊಳಗೇ ಆಪರೇಷನ್ ಮಾಡಿ ಬೇಗ ಎಬ್ಬಿಸಿ ನಿಲ್ಲಿಸಬೇಕಂತೆ. ಮಲಗಿಸಿದಷ್ಟೂ ಎದೆಯಲ್ಲಿ ಕಫ, ಬೆನ್ನಲ್ಲಿ ಹುಣ್ಣು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು. ನನಗೆ ಅಜ್ಜಿ ನೆನಪಾದಳು. 1986ರಲ್ಲಿ ಅಜ್ಜಿಯೂ ಹೀಗೇ ಬಿದ್ದಿದ್ದಳು. ನಾಟಿ ಎಣ್ಣೆ, ಪಟ್ಟು, ಕತ್ತಲೆ ಕೋಣೆ. ಮತ್ತೆ ಏಳಲಿಲ್ಲ, ನಾಲ್ಕೇ ತಿಂಗಳು. "ವಯಸ್ಸಾಗಿತ್ತು, ಹೋದಳು" ಅಂದ್ವಿ. ಅಮ್ಮನಿಗೆ ಅರ್ಧ ಕೀಲು ಬದಲಿಸಿದರು. ಮಾರನೇ ದಿನವೇ ವಾಕರ್ ಕೊಟ್ಟು ನಿಲ್ಲಿಸಿದಾಗ ನನಗೇ ಕಾಲು ನಡುಗ್ತಿತ್ತು.

ನೋಡೋಕೆ ಬಂದವರದ್ದೆಲ್ಲ ಒಂದೊಂದು ತೀರ್ಮಾನ. ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ್ದೇ ತಪ್ಪು ಅಂತ ಚಿಕ್ಕಪ್ಪ. ತಲೆ ತಿರುಗಿರಬೇಕು ಅಂತ ಅತ್ತೆ. ಕಾಲು ಜಾರಿತು ಅಂತ ಎಲ್ಲರೂ. ಅಮ್ಮ ಮಾತ್ರ ಮತ್ತೆ ಮತ್ತೆ ಒಂದೇ ಹೇಳ್ತಿದ್ದಳು. "ಕಾಲು ಜಾರ್ಲಿಲ್ಲ. ನೆಲ ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ."

ಅದನ್ನು ಸರಿಯಾಗಿ ಕೇಳಿಸಿಕೊಂಡಿದ್ದು ಸಕ್ಕರೆ ಕಾಯಿಲೆ ನೋಡುವ ಡಾಕ್ಟರು. ಗಿಣ್ಣುಗಂಟಿಗೆ, ಹೆಬ್ಬೆರಳಿಗೆ ಕಂಪಿಸುವ ಟ್ಯೂನಿಂಗ್ ಫೋರ್ಕ್ ಇಟ್ಟು "ಏನಾದ್ರೂ ಗೊತ್ತಾಗ್ತಿದೆಯಾ ಅಮ್ಮ?" ಅಂದ್ರು. ಇಲ್ಲ. ಆಮೇಲೆ ಮೀನಿನ ಗಾಳದ ದಾರದಂಥ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಮುಟ್ಟಿದಾಗ ಹೇಳಿ ಅಂದ್ರು. ಅಮ್ಮ ಕಣ್ಣು ಮುಚ್ಚಿಕೊಂಡು ಕಾಯ್ತಾನೇ ಇದ್ದಳು. "ನೀವಿನ್ನೂ ಶುರು ಮಾಡಿಲ್ವಲ್ಲ?" ಅಂದಳು. ಅವರು ಐದು ಕಡೆ ಒತ್ತಿ ಮುಗಿಸಿದ್ರು. ಪಕ್ಕದಲ್ಲಿ ನಿಂತು ನಾನು ನೋಡಿದ್ದೆ. ಆಗ ನನಗೆ ಆ ಚಪ್ಪಲಿ ನೆನಪಾಯ್ತು.

ನಾವು ನೆಟ್ಟಗೆ ನಿಲ್ಲೋದು ಮೂರು ಕಡೆಯ ಸುದ್ದಿಯಿಂದ ಅಂತ ಡಾಕ್ಟರು ಹೇಳಿದ್ರು. ಕಣ್ಣು ಒಂದು. ಒಳಗಿವಿಯ ಪುಟ್ಟ ಕೊಳವೆಗಳು ಇನ್ನೊಂದು, ತಲೆ ಯಾವ ಕಡೆ ವಾಲಿತು, ತಿರುಗಿತು ಅಂತ ತಿಳಿಸೋಕೆ. ಮೂರನೆಯದು ಅಂಗಾಲು ಮತ್ತು ಕೀಲುಗಳು. ವಯಸ್ಸಾದಂತೆ ಮೂರೂ ಮಂದ ಆಗುತ್ವೆ. ಅಮ್ಮನಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದಿತ್ತು. ಅದರ ಮೇಲೆ ಬಿ12 ಕೊರತೆ. ಸಸ್ಯಾಹಾರಿ, ಜೊತೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್. ಎರಡೂ ಬಿ12 ಇಳಿಸುತ್ವೆ. ಹೀಗೆ ಕಾಲಿನ ಸುದ್ದಿ ನಿಂತುಹೋದಾಗ ಅಮ್ಮ ಯಾರಿಗೂ ಹೇಳದೆ, ತನಗೂ ಗೊತ್ತಿಲ್ಲದೆ, ಕಣ್ಣಿಂದ ನಿಲ್ಲೋಕೆ ಶುರು ಮಾಡಿದ್ದಳು. ಕರೆಂಟ್ ಹೋದ ರಾತ್ರಿ ಅದೂ ಹೋಯ್ತು.

19ನೇ ಶತಮಾನದಲ್ಲಿ ಬರ್ಲಿನ್‌ನಲ್ಲಿ ರೊಂಬರ್ಗ್ ಅಂತ ಒಬ್ಬ ವೈದ್ಯ ಇದ್ದ. ಕಾಲಿನ ಅರಿವು ಕಳೆದುಕೊಂಡ ರೋಗಿಗಳು ಕಣ್ಣು ಮುಚ್ಚಿದ ಕೂಡಲೇ ತೂರಾಡೋದನ್ನು ಅವನು ಬರೆದಿಟ್ಟ. ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಿಸುವ ಪರೀಕ್ಷೆಗೆ ಈಗಲೂ ಅವನದೇ ಹೆಸರು. ಅಂಥವರು ಮುಖ ತೊಳೆಯುವಾಗ ಬೇಸಿನ್ ಮೇಲೆ ಮುಗ್ಗರಿಸ್ತಾರಂತೆ, ಆಗ ಕಣ್ಣು ಮುಚ್ಚಿರುತ್ತಲ್ಲ! ಇದನ್ನು ಓದಿ ನಾನು ಮೊಬೈಲ್ ಪಕ್ಕಕ್ಕಿಟ್ಟೆ. ಅಮ್ಮ ಮೂರ್ನಾಲ್ಕು ವರ್ಷದಿಂದ ಒಂದೇ ಕೈಯಲ್ಲಿ ಮುಖ ತೊಳೀತಿದ್ದಳು, ಇನ್ನೊಂದು ಕೈ ನಲ್ಲಿಯ ಮೇಲೆ. ನಾವು ಅದನ್ನು ಅಭ್ಯಾಸ ಅಂದುಕೊಂಡಿದ್ವಿ.

ಸಂಕದ ವಿಷಯವೂ ಹಾಗೇ. ತೋಟದಾಚೆ ಹಳ್ಳಕ್ಕೆ ಎರಡು ಅಡಿಕೆ ಮರ ಹಾಕಿದ ಸಂಕ ಇದೆ. ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಅಮ್ಮ ಅದನ್ನು ದಾಟ್ತಿದ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷದಿಂದ ಸುತ್ತು ಹಾಕಿ ರಸ್ತೆಯಲ್ಲೇ ಹೋಗ್ತಿದ್ದಳು. ಕೇಳಿದ್ರೆ "ಹಾವಸೆ ಜಾಸ್ತಿಯಾಗಿದೆ" ಅಂತಿದ್ದಳು. ಬೇಸಿಗೆಯಲ್ಲೂ!

ಇನ್ನೊಂದು, ಕನ್ನಡಕ. ಎರಡು ಗಾಜಿನ ಕನ್ನಡಕದಲ್ಲಿ ಕೆಳಗೆ ನೋಡಿದರೆ ಓದುವ ಗಾಜಿನಲ್ಲೇ ನೋಡಬೇಕು. ಪುಸ್ತಕಕ್ಕೆ ಸರಿ, ಮೆಟ್ಟಿಲಂಚಿಗೆ ಮಸುಕು. ಅದನ್ನು ಮಾಡಿಸಿಕೊಟ್ಟಿದ್ದು ನಾನೇ, ಹುಟ್ಟುಹಬ್ಬಕ್ಕೆ.

ವಯಸ್ಸಿದ್ದಾಗ ಬಿದ್ದರೆ ಕೈ ಊರಿ ಮಣಿಕಟ್ಟು ಮುರ್ಕೊಳ್ತೀವಿ. ಇವರಿಗೆ ಕೈ ಮುಂದೆ ಬರುವಷ್ಟರಲ್ಲಿ ಸೊಂಟ ನೆಲ ಮುಟ್ಟಿರುತ್ತೆ, ಮೂಳೆಯೂ ಟೊಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ. ರಸ್ತೆಗೆ ಹೆಲ್ಮೆಟ್ ಇದೆ, ಪೊಲೀಸರಿದ್ದಾರೆ. ಇದಕ್ಕೆ "ವಯಸ್ಸಾಯ್ತಲ್ಲ" ಅನ್ನೋ ಮಾತೊಂದಿದೆ.

ಅಮ್ಮ ಈಗ ಕೋಲು ಹಿಡಿದು ಓಡಾಡ್ತಾಳೆ. ಬಿ12 ಇಂಜೆಕ್ಷನ್ ಆಯ್ತು, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಬಂತು, ನಡೆಯೋಕೆ ಬೇರೆ ಕನ್ನಡಕ. ಅಡುಗೆಕಟ್ಟೆ ಹಿಡಿದು ಒಂದರ ಹಿಂದೆ ಒಂದು ಪಾದ ಇಟ್ಟು ನಿಲ್ಲುವ ವ್ಯಾಯಾಮ ದಿನಾ ಮಾಡ್ತಾಳೆ, ಸಾರು ಕುದಿಯುವಷ್ಟು ಹೊತ್ತು. ಅಪ್ಪಯ್ಯ ಮಷೀನನ್ನು ರಾತ್ರಿಯೂ ಹಾಕಿಕೊಂಡೇ ಮಲಗ್ತೀನಿ ಅಂತ ಹಟ ಮಾಡಿ, ಕಿವಿ ನೋವು ಬಂದು ಬಿಟ್ಟರು. ಈಗ ಇಬ್ಬರ ಮಂಚದ ನಡುವೆ ಒಂದು ಹಗ್ಗ. ಒಂದು ತುದಿ ಅಪ್ಪಯ್ಯನ ಕೈಗೆ, ಇನ್ನೊಂದು ಅಮ್ಮನ ದಿಂಬಿನ ಕೆಳಗೆ. ಐಡಿಯಾ ಅವರದೇ.

ನಾನು ಮಂಚದಿಂದ ಬಚ್ಚಲತನಕ ಬ್ಯಾಟರಿ ಇರುವ ಪುಟ್ಟ ದೀಪಗಳನ್ನು ಹಾಕಿಸಿದೆ, ಕರೆಂಟ್ ಹೋದರೂ ಉರಿಯುವಂಥವು. ಹೋದ ವಾರ ರಾತ್ರಿ ಫೋನ್ ಮಾಡಿದಾಗ ಅಪ್ಪಯ್ಯ ದೂರು ಹೇಳಿದ್ರು, ಅಮ್ಮ ಮಲಗೋ ಮುಂಚೆ ಒಂದೊಂದನ್ನೇ ಆರಿಸಿಕೊಂಡು ಬರ್ತಾಳಂತೆ. ಗೃಹಜ್ಯೋತಿ ಬಂದು ಬಿಲ್ ಸೊನ್ನೆಯಾದ ಮೇಲೂ!

"ಅಮ್ಮಾ, ಯಾಕಮ್ಮ?" ಅಂದೆ.

"ನಂಗೆ ಬೆಳಕಿದ್ರೆ ನಿದ್ದೆ ಬರಲ್ಲ ಮಾರಾಯ್ತಿ" ಅಂದಳು. "ಹಗ್ಗ ಇದ್ಯಲ್ಲ."